ನಿಮ್ಮ ನಾಲಿಗೆಗೆ ಹಿಡಿಸುವ ಚೈನೀಸ್ ಚಿಕನ್: ಹುಡುಕುವುದು ಹೇಗೆ, ಮಾಡುವುದು ಹೇಗೆ

ಚೈನೀಸ್ ಚಿಕನ್ ಮಾಡಬೇಕು ಅಂತ ಹೊರಟವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ, "ಚೈನೀಸ್ ಚಿಕನ್" ಅಂತಲೇ ಹುಡುಕುವುದು. ನಾನೂ ಹಾಗೇ ಮಾಡಿದ್ದೆ. ಸಿಕ್ಕಿದ ಮೊದಲನೇ ರೆಸಿಪಿಯಲ್ಲಿ "ಸೋಯಾ ಸಾಸ್ 3 ಚಮಚ" ಅಂತಿತ್ತು. ಯಾವ ಸೋಯಾ ಸಾಸ್, ಎಷ್ಟು ದೊಡ್ಡ ಚಮಚ, ಒಂದೂ ಇರಲಿಲ್ಲ. ಮನೆಯಲ್ಲಿದ್ದ ದಪ್ಪನೆಯ ಕಪ್ಪು ಸಾಸನ್ನೇ ಸುರಿದೆ. ಕೋಳಿ ಇದ್ದಿಲಿನ ಬಣ್ಣಕ್ಕೆ ತಿರುಗಿತು, ಉಪ್ಪು ನೆತ್ತಿಗೆ ಹತ್ತಿತು, ಅಡಿಯಲ್ಲಿ ಅಂಟು ಅಂಟಾದ ಗಂಜಿ ಬೇರೆ. ತಿಂದವರು ಪಾಪ, "ಪರವಾಗಿಲ್ಲ" ಅಂದರು. ಆ ಪರವಾಗಿಲ್ಲ ಅನ್ನುವ ಮಾತಿನ ಅರ್ಥ ಅಡುಗೆ ಮಾಡಿದವರಿಗೆ ಮಾತ್ರ ಗೊತ್ತು.

ಆಮೇಲೆ ತಿಳಿದಿದ್ದು ಇಷ್ಟು. ಚೀನಾದಲ್ಲಿ "ಚೈನೀಸ್ ಚಿಕನ್" ಅಂತ ಒಂದು ಅಡುಗೆ ಇಲ್ಲ. ಒಂದೊಂದು ಪ್ರಾಂತ್ಯಕ್ಕೂ ಒಂದೊಂದು ರುಚಿ ಇದೆ, ಆ ರುಚಿಗೆ ಹೆಸರಿದೆ, ಹೆಸರು ಗೊತ್ತಾದರೆ ಅರ್ಧ ಹುಡುಕಾಟ ಮುಗಿದಂತೆ. ಇನ್ನರ್ಧ ಇರುವುದು ಒಲೆ ಹಚ್ಚುವ ಮೊದಲೇ ಕಲಸಿಡುವ ಒಂದು ಸಣ್ಣ ಬಟ್ಟಲು ಸಾಸಿನಲ್ಲಿ. ಸಕ್ಕರೆ, ವಿನೆಗರ್, ಸೋಯಾ, ಈ ಮೂರರ ಅಳತೆ ನಿಮ್ಮ ಕೈಯಲ್ಲಿದ್ದರೆ ರುಚಿಯೂ ನಿಮ್ಮ ಕೈಯಲ್ಲೇ ಇರುತ್ತದೆ.

ಮೊದಲು ನಿಮ್ಮ ನಾಲಿಗೆಯನ್ನು ಕೇಳಿ

ರೆಸಿಪಿ ಆಮೇಲೆ ನೋಡೋಣ. ಮೊದಲು ಒಂದು ಪ್ರಶ್ನೆ. ನೀವು ತಿಂದ ಯಾವುದೋ ಒಂದು ಚೈನೀಸ್ ಕೋಳಿ ಅಡುಗೆ ಇಷ್ಟವಾಗಿತ್ತು ಅಲ್ವಾ, ಅದರಲ್ಲಿ ಇಷ್ಟವಾಗಿದ್ದು ಏನು? ಖಾರವಾ? ಸಿಹಿ ಹುಳಿ ಸೇರಿದ ರುಚಿಯಾ? ಬೆಳ್ಳುಳ್ಳಿ ಶುಂಠಿಯ ಘಮವಾ? ಗರಿಗರಿಯಾ? ಅಥವಾ ಇದ್ಯಾವುದೂ ಅಲ್ಲದೆ, ಬಾಯಲ್ಲಿಟ್ಟರೆ ಜಾರಿ ಹೋಗುವಂಥ ಮೆತ್ತನೆಯ ಮಾಂಸವಾ? ಉತ್ತರ ಬರೆದಿಡಿ. ನಗಬೇಡಿ, ನಿಜವಾಗಿ ಬರೆದಿಡಿ. ಯಾಕೆಂದರೆ ರುಚಿ ಬೇರೆ, ಹದ ಬೇರೆ. ಗರಿಗರಿ ಇಷ್ಟಪಡುವವರು ಸಾಸ್ ಬದಲಿಸುತ್ತಾ ಕೂತರೆ ಏನೂ ಪ್ರಯೋಜನವಿಲ್ಲ, ಅವರು ಬದಲಿಸಬೇಕಾದದ್ದು ಬೇಯಿಸುವ ವಿಧಾನವನ್ನು.

ಚೀನಾದಲ್ಲೇ ಒಂದು ಹಳೆಯ ಮಾತಿದೆ: ದಕ್ಷಿಣಕ್ಕೆ ಸಿಹಿ, ಉತ್ತರಕ್ಕೆ ಉಪ್ಪು, ಪೂರ್ವಕ್ಕೆ ಖಾರ, ಪಶ್ಚಿಮಕ್ಕೆ ಹುಳಿ. ಇದನ್ನು ನಂಬಿಕೊಂಡು ಹುಡುಕಿದರೆ ದಾರಿ ತಪ್ಪುತ್ತೀರಿ, ಯಾಕೆಂದರೆ ಖಾರಕ್ಕೆ ಹೆಸರಾದ ಸಿಚುವಾನ್ ಇರುವುದು ನೈಋತ್ಯದಲ್ಲಿ. ಮಾತಿನಲ್ಲಿ ಬರುವ ಪೂರ್ವದ ಖಾರ ಶಾನ್‌ಡಾಂಗ್ ಜನ ತಿನ್ನುವ ಹಸಿ ಈರುಳ್ಳಿ ಬೆಳ್ಳುಳ್ಳಿಯ ಖಾರ ಅನ್ನುತ್ತಾರೆ. ಮೆಣಸಿನಕಾಯಿ ಚೀನಾಕ್ಕೆ ಬಂದದ್ದೇ 16ನೇ ಶತಮಾನದ ಕೊನೆಗೆ, ಅಮೆರಿಕ ಖಂಡದಿಂದ.

ಹಾಗಾಗಿ ನಾನು ಹೀಗೆ ವಿಂಗಡಿಸಿಕೊಂಡಿದ್ದೇನೆ.

ಖಾರದ ಜೊತೆ ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ನಡುವೆ ಕಡಲೆಕಾಯಿ ಬೀಜ ಕಟುಂ ಅನ್ನಬೇಕು ಅನ್ನುವವರಿಗೆ ಸಿಚುವಾನಿನ ಗೊಂಗ್ ಬಾವ್ ಜೀ ಡಿಂಗ್. ನಾವೆಲ್ಲ ಕುಂಗ್ ಪಾವ್ ಚಿಕನ್ ಅನ್ನುವುದು ಇದನ್ನೇ. ಒಣ ಖಾರ, ಗರಿಗರಿ, ತುಟಿ ಜೋಮು ಹಿಡಿಯಬೇಕು ಅನ್ನುವವರಿಗೆ ಚೊಂಗ್‌ಚಿಂಗ್ ಕಡೆಯ ಲಾ ಝ ಜೀ. ಇದರಲ್ಲಿ ಕೋಳಿಗಿಂತ ಒಣಮೆಣಸಿನಕಾಯಿಯೇ ಜಾಸ್ತಿ ಕಾಣುತ್ತದೆ. ಹೆದರಬೇಡಿ, ಮೆಣಸಿನಕಾಯಿ ತಿನ್ನುವುದಕ್ಕಲ್ಲ, ಅದರೊಳಗಿಂದ ಕೋಳಿ ತುಂಡು ಹೆಕ್ಕಿ ತಿನ್ನುವುದು. ಖಾರವೂ ಹುಳಿಯೂ ಬೇಕು, ಸಿಹಿ ಬೇಡವೇ ಬೇಡ ಅಂದರೆ ಹುನಾನಿನ ಡೊಂಗ್ ಆನ್ ಜೀ. ಖಾರವೇ ಬೇಡ, ಕೋಳಿಯದ್ದೇ ರುಚಿ ಸಿಗಬೇಕು ಅಂದರೆ ಗುವಾಂಗ್‌ಡಾಂಗ್‌ನ ಬೈ ಚಿಯೆ ಜೀ, ಅಂದರೆ ಸುಮ್ನೆ ಬಿಸಿನೀರಿನಲ್ಲಿ ಹದವಾಗಿ ಬೇಯಿಸಿ ಕತ್ತರಿಸಿದ ಕೋಳಿ, ಪಕ್ಕದಲ್ಲಿ ಶುಂಠಿ ಎಣ್ಣೆ. ಅದೇ ಥರ ಬೇಯಿಸಿದ ಕೋಳಿಯ ಮೇಲೆ ಕೆಂಪಗೆ ಖಾರದ ಎಣ್ಣೆ ಸುರಿದರೆ ಅದು ಸಿಚುವಾನಿನ ಕೋ ಶ್ವೇ ಜೀ, ಹೆಸರಿನ ಅರ್ಥವೇ "ಜೊಲ್ಲು ಸುರಿಸುವ ಕೋಳಿ". ಗಾಢವಾದ, ಸ್ವಲ್ಪ ಸಿಹಿಯಾದ, ಎಳ್ಳೆಣ್ಣೆ ಘಮದ ಸಾಸು ಬೇಕಾದರೆ ಸಾನ್ ಬೇ ಜೀ. ದೊಡ್ಡ ತಟ್ಟೆ ತುಂಬ ಆಲೂಗಡ್ಡೆ, ಕ್ಯಾಪ್ಸಿಕಂ, ಅಗಲವಾದ ನೂಡಲ್ಸ್ ಜೊತೆ ಮಸಾಲೆ ಸಾರು ಥರ ಬೇಕಾದರೆ ಶಿಂಜಿಯಾಂಗಿನ ದಾ ಪಾನ್ ಜೀ.

ಜನರಲ್ ತ್ಸೋ ಚಿಕನ್ ವಿಷಯ ಬೇರೆ. ಜನರಲ್ ತ್ಸೋ ಅಂದರೆ ಝುವೋ ಝೊಂಗ್‌ಟಾಂಗ್, ಹುನಾನಿನವರು, ತೀರಿಕೊಂಡದ್ದು 1885ರಲ್ಲಿ. ಈ ಅಡುಗೆ ಹುಟ್ಟಿಸಿದ್ದು ಹುನಾನಿನಿಂದ ತೈವಾನಿಗೆ ಹೋದ ಪೆಂಗ್ ಚಾಂಗ್ ಕುಯ್ ಅನ್ನುವ ಬಾಣಸಿಗ, ಅದೂ 1950ರ ದಶಕದಲ್ಲಿ. ಪಾಪ, ಜನರಲ್ ಅದರ ರುಚಿ ನೋಡಲೇ ಇಲ್ಲ. ಮೊದಲಿನದು ಉಪ್ಪು, ಹುಳಿ, ಖಾರದ್ದು. ನ್ಯೂಯಾರ್ಕಿಗೆ ಹೋದ ಮೇಲೆ ಸಿಹಿ ಸೇರಿಕೊಂಡಿತು. ಹಾಗಾಗಿ ಆ ಹೆಸರಲ್ಲಿ ಹುಡುಕಿದರೆ ಎರಡು ಬೇರೆ ಬೇರೆ ಅಡುಗೆ ಸಿಗುತ್ತವೆ, ಸಿಹಿ ಇಷ್ಟವಿಲ್ಲದವರು ತೈವಾನ್ ಬಗೆಯದನ್ನೇ ನೋಡಿ.

ಹೆಸರನ್ನು ಬಿಡಿಸಿ ಓದಿ

ಇದು ನನಗೆ ತಡವಾಗಿ ತಿಳಿದದ್ದು, ಆದರೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು. ಚೀನೀ ಅಡುಗೆಯ ಹೆಸರು ಹೆಚ್ಚಾಗಿ ಒಂದು ಸಣ್ಣ ರೆಸಿಪಿ ಇದ್ದಂತೆ. ರುಚಿ ಅಥವಾ ವಿಧಾನ ಮೊದಲು, ಆಮೇಲೆ ಪದಾರ್ಥ, ಕೊನೆಗೆ ಕತ್ತರಿಸಿದ ಆಕಾರ. "ಜೀ" ಅಂದರೆ ಕೋಳಿ. "ಡಿಂಗ್" ಅಂದರೆ ದಾಳದಂಥ ಚೌಕ ತುಂಡು, "ಪ್ಯೆನ್" ತೆಳು ಹೋಳು, "ಸ್ಸ" ಎಳೆ ಎಳೆ, "ಕ್ವಾಯ್" ದಪ್ಪ ತುಂಡು. ಹೆಸರಿನ ಕೊನೆಗೆ ಡಿಂಗ್ ಇದ್ದರೆ ಜೋರು ಉರಿಯಲ್ಲಿ ಬೇಗ ಹುರಿಯುವ ಅಡುಗೆ, ಕ್ವಾಯ್ ಇದ್ದರೆ ಹೆಚ್ಚಾಗಿ ನಿಧಾನಕ್ಕೆ ಬೇಯಿಸುವುದು ಅಂತ ಊಹಿಸಬಹುದು.

ಹೆಸರಿನ ಮೊದಲಿಗೆ ಬರುವ ಪದಗಳಲ್ಲಿ ಇಷ್ಟು ನೆನಪಿಟ್ಟರೆ ಸಾಕು. ಮಾ ಲಾ: ಜೋಮು ಮತ್ತು ಖಾರ. ಸ್ವಾನ್ ಲಾ: ಹುಳಿ ಖಾರ. ತಾಂಗ್ ಚೂ: ಸಿಹಿ ಹುಳಿ. ಹೊಂಗ್ ಶಾವ್: ಸೋಯಾ, ಸಕ್ಕರೆ, ವೈನ್ ಹಾಕಿ ಕೆಂಪಗೆ ನಿಧಾನಕ್ಕೆ ಬೇಯಿಸಿದ್ದು. ಚಿಂಗ್ ಝೆಂಗ್: ಏನೂ ಜಾಸ್ತಿ ಹಾಕದೆ ಹಬೆಯಲ್ಲಿ ಬೇಯಿಸಿದ್ದು. ಜ್ಯಾವ್ ಯೆನ್: ಉಪ್ಪು ಮತ್ತು ಹುರಿದ ಸಿಚುವಾನ್ ಪೆಪ್ಪರ್ (ಜೋಮು ಹಿಡಿಸುವ ಮಸಾಲೆ) ಪುಡಿ ಉದುರಿಸಿದ ಗರಿಗರಿ. ಯೂ ಶ್ಯಾಂಗ್ ಅಂದರೆ "ಮೀನಿನ ಘಮ", ಆದರೆ ಅದರಲ್ಲಿ ಮೀನು ಇರುವುದಿಲ್ಲ. ಸಿಚುವಾನಿನಲ್ಲಿ ಮೀನಿಗೆ ಹಾಕುವ, ಉಪ್ಪಿನಕಾಯಿ ಹಾಕಿದ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಸಕ್ಕರೆ, ವಿನೆಗರಿನ ಸಾಸು ಅಷ್ಟೇ. ಮೀನು ತಿನ್ನದ ನನ್ನ ಗೆಳೆಯರೊಬ್ಬರು ಬರೀ ಹೆಸರು ನೋಡಿ ಎಷ್ಟೋ ದಿನ ಇದನ್ನು ಮುಟ್ಟಿರಲಿಲ್ಲ. ಈಗ ಅವರಿಗೆ ಅದೇ ಬೇಕು.

ಹೋಟೆಲಿನಲ್ಲಿ ರುಚಿ ನೋಡಿ ಕಲಿಯುವುದಾದರೆ ಇನ್ನೂ ಒಳ್ಳೆಯದು. ಚೀನೀ ಮಾತನಾಡುವವರ ಹೋಟೆಲಾದರೆ "ವೇ ಲಾ" ಅಂದರೆ ಸ್ವಲ್ಪ ಖಾರ, "ಝೊಂಗ್ ಲಾ" ಮಧ್ಯಮ, "ಬೂ ಲಾ" ಖಾರ ಬೇಡ. ಒಂದೇ ಸಲ ಐದು ಬಗೆ ತರಿಸಿದರೆ ನಾಲಿಗೆಗೆ ಏನೂ ನೆನಪಿರುವುದಿಲ್ಲ. ಎರಡು ಸಾಕು, ಒಂದು ಹುರಿದದ್ದು, ಒಂದು ಬೇಯಿಸಿದ್ದು.

ಮೂರು ರೆಸಿಪಿ ಪಕ್ಕಪಕ್ಕ ಇಡಿ

ಹೆಸರು ಸಿಕ್ಕಿತು. ಈಗ ಆ ಹೆಸರಿನ ಮೂರು ಬೇರೆ ಬೇರೆ ರೆಸಿಪಿ ತೆಗೆದುಕೊಳ್ಳಿ. ಒಂದನ್ನೇ ನಂಬಬೇಡಿ. ಗೊಂಗ್ ಬಾವ್ ಅನ್ನೇ ನೋಡಿ: ಅದಕ್ಕೆ ಹೆಸರು ಬಂದದ್ದು ಡಿಂಗ್ ಬಾವ್‌ಝೆನ್ ಅನ್ನುವ, ಚಿಂಗ್ ರಾಜವಂಶದ ಕಾಲದ ಅಧಿಕಾರಿಯಿಂದ, ಗೊಂಗ್ ಬಾವ್ ಅನ್ನುವುದು ಅವರಿಗಿದ್ದ ಅರಮನೆಯ ಬಿರುದು. ಅವರು ಹುಟ್ಟಿದ್ದು ಗುಯ್‌ಝೋನಲ್ಲಿ, ಆಳಿದ್ದು ಮೊದಲು ಶಾನ್‌ಡಾಂಗ್, ಆಮೇಲೆ ಸಿಚುವಾನ್. ಹಾಗಾಗಿ ಮೂರೂ ಪ್ರಾಂತ್ಯದವರು ಅದು ನಮ್ಮದು ಅನ್ನುತ್ತಾರೆ, ಮೂರೂ ಕಡೆ ಬೇರೆ ಬೇರೆ ಥರ ಮಾಡುತ್ತಾರೆ. ಗುಯ್‌ಝೋನವರು ನೆನೆಸಿ ಕುಟ್ಟಿದ ಮೆಣಸಿನಕಾಯಿ ಹಾಕಿದರೆ ಸಿಚುವಾನಿನವರು ಇಡೀ ಒಣಮೆಣಸಿನಕಾಯಿ ಹಾಕುತ್ತಾರೆ. ಮಾವೋ ಆಳ್ವಿಕೆಯ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ರಾಜರ ಕಾಲದ ಅಧಿಕಾರಿಯ ಹೆಸರು ಬೇಡ ಅಂತ ಇದರ ಹೆಸರನ್ನೇ ಬದಲಿಸಿದ್ದರು. ಹೆಸರು ಹೋಗಿ ಬಂತು, ರುಚಿ ಉಳಿಯಿತು.

ಮೂರು ರೆಸಿಪಿಯಲ್ಲೂ ನೋಡಬೇಕಾದದ್ದು ಮೂರೇ ಅಂಕಿ: 100 ಗ್ರಾಂ ಕೋಳಿಗೆ ಸಕ್ಕರೆ ಎಷ್ಟು, ವಿನೆಗರ್ ಎಷ್ಟು, ಸೋಯಾ ಎಷ್ಟು. ಎಲ್ಲವನ್ನೂ ಟೀ ಚಮಚಕ್ಕೆ ತನ್ನಿ. ಒಂದು ದೊಡ್ಡ ಚಮಚ ಅಂದರೆ 15 ಮಿಲಿ, ಮೂರು ಟೀ ಚಮಚ. ಹೀಗೆ ಬರೆದಿಟ್ಟ ಕೂಡಲೇ ಯಾವುದು ಸಿಹಿ, ಯಾವುದು ಹುಳಿ, ಯಾವುದು ಬರೀ ಉಪ್ಪು ಅಂತ ಮಾಡುವ ಮೊದಲೇ ಗೊತ್ತಾಗುತ್ತದೆ. ಮೊದಲ ಸಲಕ್ಕೆ ನಡುವಿನದನ್ನು ಹಿಡಿಯಿರಿ.

ಬಿಡಬೇಕಾದ ರೆಸಿಪಿಯನ್ನು ಗುರುತಿಸುವುದೂ ಸುಲಭ. ಲೈಟ್ ಸೋಯಾ, ಡಾರ್ಕ್ ಸೋಯಾ ಅಂತ ಬೇರೆ ಮಾಡಿ ಹೇಳಿಲ್ಲವೆಂದರೆ ಬಿಡಿ. ಸಾಸನ್ನು ಮೊದಲೇ ಬಟ್ಟಲಲ್ಲಿ ಕಲಸಲು ಹೇಳದೆ, ಉರಿಯುವ ಬಾಣಲೆಗೆ ಒಂದೊಂದೇ ಬಾಟಲಿ ಬಗ್ಗಿಸಲು ಹೇಳಿದರೆ, ಮನೆಯ ಅಡುಗೆಗೆ ಅದು ಒಗ್ಗುವುದಿಲ್ಲ. ಕೋಳಿ 20 ನಿಮಿಷ ಹುರಿಯಿರಿ ಅಂತ ಹೇಳಿದರಂತೂ ಮುಂದೆ ಓದಲೇಬೇಡಿ.

ತಂದಿಟ್ಟುಕೊಳ್ಳಬೇಕಾದ್ದು

ಬಾಟಲಿಗಳ ಮೆರವಣಿಗೆ ಬೇಕಿಲ್ಲ. ಲೈಟ್ ಸೋಯಾ ಉಪ್ಪಿಗೆ ಮತ್ತು ರುಚಿಗೆ, ಡಾರ್ಕ್ ಸೋಯಾ ಬಣ್ಣಕ್ಕೆ. ಡಾರ್ಕ್ ಯಾವಾಗಲೂ ಅರ್ಧ ಚಮಚದ ವ್ಯವಹಾರ, ಅದನ್ನು ಲೈಟ್ ಜಾಗದಲ್ಲಿ ಹಾಕಿದರೆ ನನ್ನ ಇದ್ದಿಲು ಕೋಳಿ ತಯಾರು. ಝೆನ್‌ಜಿಯಾಂಗಿನ ಕಪ್ಪು ವಿನೆಗರ್ ಸಿಕ್ಕರೆ ಬಿಡಬೇಡಿ, ಅದರ ಹುಳಿ ಮೆತ್ತಗಿರುತ್ತದೆ, ಘಮ ಇರುತ್ತದೆ. ಸಿಗದಿದ್ದರೆ ಅಕ್ಕಿಯ ವಿನೆಗರ್ ಸ್ವಲ್ಪ ಕಡಿಮೆ ಹಾಕಿ. ಅಕ್ಕಿಯಿಂದ ಮಾಡುವ ಶಾವ್‌ಶಿಂಗ್ ವೈನ್ ಕೋಳಿಯ ಹಸಿ ವಾಸನೆ ತೆಗೆಯುತ್ತದೆ, ಬದಲಿಗೆ ಡ್ರೈ ಶೆರಿ ನಡೆಯುತ್ತದೆ. ಮದ್ಯವೇ ಬೇಡ ಅನ್ನುವವರು ಶುಂಠಿ ಜಜ್ಜಿ ನೆನೆಸಿದ ನೀರು ಹಾಕಿ. ಅದೇ ರುಚಿ ಬರುವುದಿಲ್ಲ, ಆದರೆ ಹಸಿ ವಾಸನೆ ಹೋಗುತ್ತದೆ. ಹುರಿದ ಎಳ್ಳಿನ ಎಣ್ಣೆ, ಕಾರ್ನ್‌ಫ್ಲೋರ್, ಅಷ್ಟೇ.

ಖಾರ ಜೋಮು ಬೇಕಾದವರಿಗೆ ಮಾತ್ರ ಇನ್ನೆರಡು. ಒಂದು ಪಿಶಿಯೆನ್ ಡೌಬಾನ್, ಸಿಚುವಾನಿನ ಚೆಂಗ್ಡು ಪಕ್ಕದ ಪಿಶಿಯೆನ್‌ನಲ್ಲಿ ಫಾವಾ ಬೀನ್ಸ್ ಕಾಳು ಮತ್ತು ಮೆಣಸಿನಕಾಯಿ ಹುದುಗಿಸಿ ಮಾಡುವ ಕೆಂಪು ಪೇಸ್ಟ್. ಇದು ಬಹಳ ಉಪ್ಪು, ಇದನ್ನು ಹಾಕಿದ ದಿನ ಸೋಯಾ ಅರ್ಧಕ್ಕೆ ಇಳಿಸಿ. ಇನ್ನೊಂದು ಸಿಚುವಾನ್ ಪೆಪ್ಪರ್, ಹುವಾ ಜ್ಯಾವ್. ಇದು ಕರಿಮೆಣಸಿನ ಜಾತಿಯದ್ದಲ್ಲ, ಕಿತ್ತಳೆ ನಿಂಬೆಯ ಕುಟುಂಬದ್ದು. ಕೊಡುವುದು ಖಾರವಲ್ಲ, ಜುಮ್ ಜುಮ್ ಅನ್ನುವ ಕಂಪನ. 2013ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಆ ಜುಮ್ಮೆನ್ನುವುದನ್ನು ಅಳೆದು ನೋಡಿದಾಗ ಅದು ತುಟಿಗೆ ಸುಮಾರು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲದ, ಕಂಪನದಂತೆ ಅನಿಸುತ್ತದೆ ಅಂತ ಕಂಡುಬಂತು. ಒಳಗಿನ ಕಪ್ಪು ಬೀಜ ಮರಳು ಕಡಿದಂತೆ ಆಗುತ್ತದೆ, ಆರಿಸಿ ಎಸೆಯಿರಿ. ಉಪಯೋಗಕ್ಕೆ ಬರುವುದು ಕೆಂಪು ಸಿಪ್ಪೆ ಮಾತ್ರ.

ಅಜಿನೊಮೊಟೊ ಹಾಕಬೇಕಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲ ಪಾಚಿಯಿಂದ ಕಂಡುಹಿಡಿದ ರುಚಿ ಅದು. ಸೋಯಾ ಸಾಸಿನಲ್ಲಿ ಅದೇ ಬಗೆಯ ರುಚಿ ತಾನಾಗಿಯೇ ಇರುತ್ತದೆ. ಬೇಕಾದವರು ಒಂದು ಚಿಟಿಕೆ ಹಾಕಿ, ಹಾಕಿದಷ್ಟು ಉಪ್ಪು ಕಡಿಮೆ ಮಾಡಿ. ನಾನು ಸಾಸ್ ಇರುವ ಅಡುಗೆಗೆ ಹಾಕುವುದಿಲ್ಲ, ಬೇಡ ಅನ್ನುವ ಹಟಕ್ಕಲ್ಲ, ವ್ಯತ್ಯಾಸ ತಿಳಿಯಲಿಲ್ಲ ಅಷ್ಟೇ.

ಮಾಂಸದ ಹದ

ಹೋಟೆಲಿನ ಕೋಳಿ ಅಷ್ಟು ಮೆತ್ತಗಿರುತ್ತದೆ, ನಮ್ಮದು ರಬ್ಬರು ಯಾಕೆ? ಹೆಚ್ಚಿನ ಸಲ ಇದರ ಉತ್ತರ ಕಾರ್ನ್‌ಫ್ಲೋರ್. ಹುರಿಯುವ ಮೊದಲು ಮಾಂಸಕ್ಕೆ ತೆಳುವಾಗಿ ಒಂದು ಹೊದಿಕೆ ಕೊಟ್ಟರೆ ಒಳಗಿನ ನೀರು ಒಳಗೇ ಉಳಿಯುತ್ತದೆ, ಸಾಸೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ.

400 ಗ್ರಾಂ ಮೂಳೆ ಇಲ್ಲದ ಕೋಳಿಗೆ ಲೈಟ್ ಸೋಯಾ 2 ಟೀ ಚಮಚ, ವೈನ್ 2, ಕಾರ್ನ್‌ಫ್ಲೋರ್ 2 ಹಾಕಿ ಕೈಯಲ್ಲೇ ಚೆನ್ನಾಗಿ ಕಲಸಿ. ತಟ್ಟೆಯ ತಳದಲ್ಲಿ ನೀರು ನಿಂತಿರಬಾರದು, ಎಲ್ಲ ಮಾಂಸ ಕುಡಿದುಕೊಳ್ಳಬೇಕು. ಕೊನೆಗೆ 1 ಚಮಚ ಎಣ್ಣೆ, ತುಂಡುಗಳು ಒಂದಕ್ಕೊಂದು ಅಂಟದಿರಲಿ ಅಂತ. 20 ನಿಮಿಷ ಬಿಡಿ. ತೊಡೆ ಮಾಂಸವಾದರೆ ಇಷ್ಟು ಸಾಕು. ನನ್ನ ಕೇಳಿದರೆ ಮನೆಯಲ್ಲಿ ಮಾಡುವವರು ತೊಡೆಯನ್ನೇ ತರಬೇಕು, ಒಂದೆರಡು ನಿಮಿಷ ಜಾಸ್ತಿ ಬೆಂದರೂ ಕ್ಷಮಿಸುತ್ತದೆ. ಎದೆ ಮಾಂಸ ಕ್ಷಮಿಸುವುದಿಲ್ಲ. ಎದೆಯೇ ಬೇಕಾದರೆ ಎಳೆಗೆ ಅಡ್ಡವಾಗಿ ತೆಳುವಾಗಿ ಕತ್ತರಿಸಿ, ಸೋಯಾ ಹಾಕುವ ಮೊದಲು ಅರ್ಧ ಟೀ ಚಮಚ ಅಡುಗೆ ಸೋಡಾ ಕಲಸಿ 15 ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ತೊಳೆಯದೆ ಬಿಟ್ಟರೆ ಸೋಪು ನೆಕ್ಕಿದ ಹಾಗಾಗುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ.

ತುಂಬ ನಯ ಬೇಕು, ಎಣ್ಣೆ ಕಡಿಮೆ ಇರಲಿ ಅನ್ನುವವರು ಕಲಸಿಟ್ಟ ಮಾಂಸವನ್ನು ಕುದಿಯುವ ನೀರಿಗೆ ಬಿಟ್ಟು, ಹೊರಗೆ ಬೆಳ್ಳಗಾದ ಕೂಡಲೇ, ಅಂದರೆ 40ರಿಂದ 60 ಸೆಕೆಂಡಿನಲ್ಲಿ, ಜರಡಿಗೆ ಬಸಿದುಕೊಳ್ಳಿ. ಉಳಿದದ್ದು ಬಾಣಲೆಯಲ್ಲಿ ಬೇಯುತ್ತದೆ.

ಈಗ ಒಲೆ: ಗೊಂಗ್ ಬಾವ್

ಒಂದು ಅಡುಗೆಯನ್ನು ಸರಿಯಾಗಿ ಕಲಿತರೆ ಉಳಿದ ಹುರಿಯುವ ಅಡುಗೆಗಳಿಗೆ ಅದೇ ದಾರಿ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಸಾಸಿನ ಬಟ್ಟಲು, 400 ಗ್ರಾಂ ಕೋಳಿಗೆ: ಸಕ್ಕರೆ 4 ಟೀ ಚಮಚ, ಕಪ್ಪು ವಿನೆಗರ್ 4, ಲೈಟ್ ಸೋಯಾ 3, ಡಾರ್ಕ್ ಸೋಯಾ ಅರ್ಧ, ಕಾರ್ನ್‌ಫ್ಲೋರ್ 1, ನೀರು 3 ದೊಡ್ಡ ಚಮಚ. ಸಕ್ಕರೆ ಕರಗುವವರೆಗೆ ತಿರುಗಿಸಿ, ಬೆರಳಲ್ಲಿ ಅದ್ದಿ ರುಚಿ ನೋಡಿ. ಇದನ್ನು ತಪ್ಪಿಸಬೇಡಿ. ಬಟ್ಟಲಲ್ಲಿ ಸ್ವಲ್ಪ ಜೋರಾಗಿಯೇ ಅನಿಸಬೇಕು, ಕೋಳಿ ಜೊತೆ ಸೇರಿದಾಗ ತಗ್ಗುತ್ತದೆ. ಸಿಚುವಾನಿನಲ್ಲಿ ಈ ಸಿಹಿ ಹುಳಿಯ ಹದಕ್ಕೆ ಲೀಚಿ ರುಚಿ ಅನ್ನುತ್ತಾರೆ, ಲೀಚಿ ಹಣ್ಣು ಹಾಕುತ್ತಾರೆ ಅಂತಲ್ಲ, ಹಣ್ಣಿನ ಹಾಗೆ ಮೊದಲು ಹುಳಿ ತಾಗಿ ಹಿಂದೆಯೇ ಸಿಹಿ ಬರಬೇಕು ಅಂತ. ಸಿಹಿ ಇಷ್ಟವಿಲ್ಲದವರು ಸಕ್ಕರೆ 2ಕ್ಕೆ ಇಳಿಸಿ, ಆದರೆ ವಿನೆಗರ್ ಕೂಡ 3ಕ್ಕೆ ಇಳಿಸಿ. ಒಂದನ್ನೇ ಇಳಿಸಿದರೆ ಇನ್ನೊಂದು ಎದ್ದು ಕುಣಿಯುತ್ತದೆ.

ಕತ್ತರಿಸಿಡಬೇಕಾದ್ದು: ಕೋಳಿ ಸುಮಾರು 1.5 ಸೆಂಟಿಮೀಟರ್ ಚೌಕ, ಬೆಳ್ಳುಳ್ಳಿ 4 ಎಸಳು, ಅಷ್ಟೇ ಶುಂಠಿ, ಸ್ಪ್ರಿಂಗ್ ಆನಿಯನ್‌ನ ಬಿಳಿ ಭಾಗ ಐದಾರು, ಕೋಳಿಯಷ್ಟೇ ಉದ್ದದ ತುಂಡು. ಒಣಮೆಣಸಿನಕಾಯಿ 8ರಿಂದ 12, ಎರಡಾಗಿ ಕತ್ತರಿಸಿ ಬೀಜ ಉದುರಿಸಿ. ಸಿಚುವಾನ್ ಪೆಪ್ಪರ್ 1 ಟೀ ಚಮಚ, ಮೊದಲ ಸಲವಾದರೆ ಅರ್ಧ. ಹುರಿದ ಕಡಲೆಕಾಯಿ ಬೀಜ ಅರ್ಧ ಕಪ್. ಎಲ್ಲವೂ ಒಲೆಯ ಪಕ್ಕ, ಕೈಗೆ ಸಿಗುವಂತೆ. ಒಲೆ ಹಚ್ಚಿದ ಮೇಲೆ ಐದೇ ನಿಮಿಷದ ಕೆಲಸ, ಆಗ ಬೆಳ್ಳುಳ್ಳಿ ಸುಲಿಯುತ್ತಾ ಕೂರಲು ಆಗುವುದಿಲ್ಲ. ಅನ್ನವೂ ಆಗಲೇ ಆಗಿರಲಿ.

ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ 2 ದೊಡ್ಡ ಚಮಚ ಎಣ್ಣೆ. ಕೋಳಿಯನ್ನು ಎರಡು ಸಲಕ್ಕೆ ಹಾಕಿ, ಒಂದೇ ಸಲ ಸುರಿಯಬೇಡಿ. ಮನೆಯ ಒಲೆಗೆ ಹೋಟೆಲ್ ಒಲೆಯ ಉರಿ ಇಲ್ಲ, ಬಾಣಲೆ ತುಂಬಿದರೆ ತಣ್ಣಗಾಗಿ ಕೋಳಿ ನೀರು ಬಿಡುತ್ತದೆ, ಆಮೇಲೆ ಅದು ಹುರಿಯುವುದಿಲ್ಲ, ಬೇಯುತ್ತದೆ. ಹಾಕಿದ ಮೇಲೆ 30 ಸೆಕೆಂಡ್ ಮುಟ್ಟಬೇಡಿ. ತಳ ಬಂಗಾರದ ಬಣ್ಣಕ್ಕೆ ಬಂದ ಮೇಲೆ ತಿರುಗಿಸಿ, ಮುಕ್ಕಾಲು ಬೆಂದಾಗ ತೆಗೆದಿಡಿ.

ಉರಿ ಸಣ್ಣಗೆ ಮಾಡಿ. ಇನ್ನೊಂದು ಚಮಚ ಎಣ್ಣೆ ಹಾಕಿ, ಒಣಮೆಣಸಿನಕಾಯಿ ಮತ್ತು ಪೆಪ್ಪರ್. ಒಗ್ಗರಣೆ ಹಾಕಿ ಪಳಗಿದ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ, ಮೆಣಸಿನಕಾಯಿ ಗಾಢ ಕೆಂಪಾಗಬೇಕು, ಕಪ್ಪಾಗಬಾರದು. 10ರಿಂದ 15 ಸೆಕೆಂಡ್ ಅಷ್ಟೇ. ಕಪ್ಪಾಯಿತೋ, ಬೇಸರ ಮಾಡಿಕೊಳ್ಳದೆ ಎಣ್ಣೆ ಸಮೇತ ಚೆಲ್ಲಿ ಮತ್ತೆ ಹಾಕಿ. ಆ ಕಹಿಯನ್ನು ಯಾವ ಸಕ್ಕರೆಯೂ ಮುಚ್ಚುವುದಿಲ್ಲ. ತಕ್ಷಣ ಬೆಳ್ಳುಳ್ಳಿ, ಶುಂಠಿ, ಈರುಳ್ಳಿ, ಘಮ ಬರುವವರೆಗೆ. ಉರಿ ಪೂರ್ತಿ ಏರಿಸಿ ಕೋಳಿ ವಾಪಸ್ ಹಾಕಿ. ಸಾಸಿನ ಬಟ್ಟಲನ್ನು ಇನ್ನೊಮ್ಮೆ ಕಲಕಿ, ಯಾಕೆಂದರೆ ಹಿಟ್ಟು ತಳಕ್ಕೆ ಕೂತಿರುತ್ತದೆ, ಬಾಣಲೆಯ ಅಂಚಿನಿಂದ ಸುರಿಯಿರಿ. ಅರ್ಧ ನಿಮಿಷದಲ್ಲಿ ಸಾಸ್ ಹೊಳೆಯುತ್ತಾ ಕೋಳಿಗೆ ಅಂಟಿಕೊಳ್ಳುತ್ತದೆ. ಒಂದು ದೊಡ್ಡ ತುಂಡನ್ನು ಕತ್ತರಿಸಿ ನೋಡಿ, ಒಳಗೆ ಗುಲಾಬಿ ಇರಬಾರದು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ಸೆಲ್ಸಿಯಸ್. ಒಲೆ ಆರಿಸಿ, ಅರ್ಧ ಚಮಚ ಎಳ್ಳೆಣ್ಣೆ, ಕೊನೆಗೆ ಕಡಲೆಕಾಯಿ ಬೀಜ.

ಇದೇ ದಾರಿಯಲ್ಲಿ ಒಣಮೆಣಸಿನಕಾಯಿ ಮತ್ತು ಪೆಪ್ಪರ್ ಬಿಟ್ಟು, ಬೆಳ್ಳುಳ್ಳಿ ಎರಡರಷ್ಟು ಹಾಕಿ, ಕಡಲೆಕಾಯಿ ಬೀಜದ ಬದಲು ಗೋಡಂಬಿ ಹಾಕಿದರೆ ಖಾರ ತಿನ್ನದವರಿಗೆ, ಮಕ್ಕಳಿಗೆ ಆಯಿತು. ಅದನ್ನು ಗೊಂಗ್ ಬಾವ್ ಅನ್ನಬೇಡಿ ಅಷ್ಟೇ.

ಸಾಸೇ ಬೇಡ ಅನ್ನುವವರಿಗೆ

ಬೈ ಚಿಯೆ ಜೀ ನೋಡಲು ಬಹಳ ಸಪ್ಪೆ. ಮೊದಲ ಸಲ ನೋಡಿದಾಗ ಯಾರೋ ಅಡುಗೆ ಅರ್ಧಕ್ಕೆ ಬಿಟ್ಟು ಎದ್ದು ಹೋಗಿದ್ದಾರೆ ಅನ್ನಿಸಿತ್ತು. ತಿಂದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಂಡೆ. ಇದರಲ್ಲಿ ಬಚ್ಚಿಡಲು ಏನೂ ಇಲ್ಲ, ಹಾಗಾಗಿ ಕೋಳಿ ಒಳ್ಳೆಯದಿರಬೇಕು, ಫ್ರೀಜರಿನದು ಬೇಡ.

ಸುಮಾರು 1.4 ಕಿಲೋ ಇಡೀ ಕೋಳಿ, ಚರ್ಮ ಸಮೇತ, ಒಂದು ಗಂಟೆ ಹೊರಗಿಟ್ಟು ಫ್ರಿಜ್ಜಿನ ತಣುಪು ಸ್ವಲ್ಪ ಬಿಡಿಸಿ. ಕೋಳಿ ಪೂರ್ತಿ ಮುಳುಗುವಷ್ಟು ನೀರಿಗೆ ಶುಂಠಿ, ಸ್ಪ್ರಿಂಗ್ ಆನಿಯನ್ ಹಾಕಿ ಕುದಿಸಿ. ಕುತ್ತಿಗೆ ಹಿಡಿದು ಮೂರು ಸಲ ಮುಳುಗಿಸಿ ಎತ್ತಿ, ಹೊಟ್ಟೆಯೊಳಗಿನ ತಣ್ಣನೆ ನೀರು ಪ್ರತಿ ಸಲವೂ ಹೊರಗೆ ಬರಲಿ. ನಾಲ್ಕನೇ ಸಲ ಒಳಗೆ ಬಿಟ್ಟು, ಉರಿ ತೀರಾ ಸಣ್ಣಗೆ ಮಾಡಿ ಮುಚ್ಚಿ. ನೀರು ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು. 35ರಿಂದ 45 ನಿಮಿಷ. ತೊಡೆಯ ದಪ್ಪ ಭಾಗ 74 ಡಿಗ್ರಿ ಬಂದಿದೆಯಾ ನೋಡಿ. ಮೂಳೆಯ ಹತ್ತಿರ ಕೆಂಪು ಉಳಿದಿರುವುದೇ ಸರಿ ಅಂತ ಹಳಬರು ಹೇಳುತ್ತಾರೆ, ಮನೆಯಲ್ಲಿ ಮಾಡುವಾಗ ನಾನು ಥರ್ಮಾಮೀಟರನ್ನೇ ನಂಬುತ್ತೇನೆ.

ತೆಗೆದ ಕೂಡಲೇ ಐಸ್ ನೀರಿಗೆ, 15 ನಿಮಿಷ. ಚರ್ಮ ಬಿಗಿಯಾಗಿ, ಕೆಳಗೆ ಜೆಲ್ಲಿ ಥರ ಒಂದು ಪದರ ನಿಲ್ಲುತ್ತದೆ. ಆಮೇಲೆ ಶುಂಠಿ ಎಣ್ಣೆ: ಸಣ್ಣಗೆ ತುರಿದ ಶುಂಠಿ 3 ದೊಡ್ಡ ಚಮಚ, ಹೆಚ್ಚಿದ ಸ್ಪ್ರಿಂಗ್ ಆನಿಯನ್ 5, ಉಪ್ಪು 1 ಟೀ ಚಮಚ ಒಂದು ಗಟ್ಟಿ ಬಟ್ಟಲಿಗೆ ಹಾಕಿ, ಹೊಗೆಯಾಡುವ ಎಣ್ಣೆ 6 ದೊಡ್ಡ ಚಮಚ ಮೇಲೆ ಸುರಿಯಿರಿ. ಚುಯ್ ಅನ್ನಬೇಕು. ಅನ್ನದಿದ್ದರೆ ಎಣ್ಣೆ ಕಾದಿಲ್ಲ. ಬೇಯಿಸಿದ ನೀರನ್ನು ಚೆಲ್ಲಿದರೆ ನನಗೆ ಕೋಪ ಬರುತ್ತದೆ, ಅದು ಒಳ್ಳೆ ಸೂಪ್, ಅದರಲ್ಲೇ ಅನ್ನ ಮಾಡಿದರೆ ಇನ್ನೂ ರುಚಿ.

ಗಾಢವಾದ ಸಾಸೇ ಬೇಕು ಅನ್ನುವವರಿಗೆ ಸಾನ್ ಬೇ ಜೀ. ಅದು ಇನ್ನೂ ಸುಲಭ, ಆದರೆ ಹೆಸರಿಗೆ ಮೋಸ ಹೋಗಬೇಡಿ. ಸಾನ್ ಬೇ ಅಂದರೆ ಮೂರು ಕಪ್: ಸೋಯಾ, ವೈನ್, ಎಳ್ಳೆಣ್ಣೆ ಒಂದೊಂದು ಕಪ್. ಜಿಯಾಂಗ್ಶಿಯಲ್ಲಿ ಹುಟ್ಟಿ ತೈವಾನಿನಲ್ಲಿ ಹೆಸರು ಮಾಡಿದ ಅಡುಗೆ. ನಿಜವಾಗಿ ಅಷ್ಟು ಸುರಿದರೆ ತಿನ್ನಲು ಆಗುವುದಿಲ್ಲ. 750 ಗ್ರಾಂ ಮೂಳೆ ಸಹಿತ ಕೋಳಿಗೆ ಎಳ್ಳೆಣ್ಣೆ 2 ದೊಡ್ಡ ಚಮಚ, ಲೈಟ್ ಸೋಯಾ 3, ವೈನ್ 4, ಸಕ್ಕರೆ 1 ಸಾಕು. ಎಳ್ಳೆಣ್ಣೆಯಲ್ಲಿ ಶುಂಠಿ ಬಿಲ್ಲೆಗಳನ್ನು ಸಣ್ಣ ಉರಿಯಲ್ಲಿ ಅಂಚು ಮುದುಡುವವರೆಗೆ ಹುರಿದು, ಹತ್ತು ಹನ್ನೆರಡು ಇಡೀ ಬೆಳ್ಳುಳ್ಳಿ, ಆಮೇಲೆ ಕೋಳಿ. ಸಾಸ್ ಹಾಕಿ ಮುಚ್ಚಿ 15 ನಿಮಿಷ, ಮುಚ್ಚಳ ತೆಗೆದು ಸಾಸ್ ಅಂಟಾಗುವವರೆಗೆ. ಕೊನೆಗೆ ಒಂದು ಹಿಡಿ ಥಾಯ್ ಬೇಸಿಲ್ ಎಲೆ.

ರುಚಿ ಕೈಕೊಟ್ಟಾಗ

ಹುಳಿ ಜಾಸ್ತಿಯಾದರೆ ಅರ್ಧರ್ಧ ಚಮಚ ಸಕ್ಕರೆ. ಸಿಹಿ ಜಾಸ್ತಿಯಾದರೆ ಉಪ್ಪು ಹಾಕಲು ಹೋಗಬೇಡಿ, ಮೊದಲು ವಿನೆಗರ್ ಹಾಕಿ ನೋಡಿ. ಉಪ್ಪು ಜಾಸ್ತಿಯಾದರೆ ಸಕ್ಕರೆಯಿಂದ ಅದು ಮರೆಯಾಗಬಹುದು, ಹೋಗುವುದಿಲ್ಲ. ಉಪ್ಪು ಹಾಕದೆ ಹುರಿದ ಕ್ಯಾಪ್ಸಿಕಂ, ಸೌತೆಕಾಯಿ, ಸೆಲರಿ ಏನಾದರೂ ಸೇರಿಸಿ ಪ್ರಮಾಣವನ್ನೇ ಹೆಚ್ಚಿಸಿ. ಸಾಸ್ ಗಂಜಿಯಾದರೆ ಒಂದು ಚಮಚ ಬಿಸಿನೀರು, ಮುಂದಿನ ಸಲ ಕಾರ್ನ್‌ಫ್ಲೋರ್ ಮುಕ್ಕಾಲು ಚಮಚ. ನೀರಾದರೆ ಇನ್ನಷ್ಟು ಹಿಟ್ಟು ಹಾಕುವ ಮೊದಲು ಉರಿ ಏರಿಸಿ ನೋಡಿ, ಬಹಳ ಸಲ ಸಾಸ್ ಕುದಿಯದೇ ಇರುವುದೇ ಕಾರಣ. ಖಾರ ಜಾಸ್ತಿಯಾದರೆ ಮೆಣಸಿನಕಾಯಿ ಹೆಕ್ಕಿ ತೆಗೆದು ಅನ್ನ ಜಾಸ್ತಿ ಬಡಿಸಿ. ಜೋಮು ಜಾಸ್ತಿಯಾದರೆ ಮಾತ್ರ ಏನೂ ಮಾಡಲು ಆಗುವುದಿಲ್ಲ, ಕಾಯಿರಿ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸಕ್ಕರೆ, ವಿನೆಗರ್, ಮೆಣಸಿನಕಾಯಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ನಾನು ಅಡುಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ, ಪ್ರತಿ ಸಲ 400 ಗ್ರಾಂ ಕೋಳಿಗೆ ಸಕ್ಕರೆ, ವಿನೆಗರ್, ಸೋಯಾದ ಮೂರು ಅಂಕಿ, ಪಕ್ಕದಲ್ಲಿ ಒಂದು ಮಾತು. 4-4-3, "ಸಿಹಿ". 3-4-3, "ಹುಳಿ, ಆದರೆ ಚೆನ್ನಾಗಿದೆ". 3-3-3, "ಇದೇ". ನಮ್ಮ ಮನೆಗೆ ಅದು ನಿಂತದ್ದು ಐದನೇ ಸಲಕ್ಕೆ.

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಎರಡು ಮೂರು ದಿನದಲ್ಲಿ ಮುಗಿಸಿ. ಗೊಂಗ್ ಬಾವ್ ಅನ್ನು ಬಾಣಲೆಯಲ್ಲೇ ಒಂದು ಚಮಚ ನೀರು ಚಿಮುಕಿಸಿ ಹಬೆಯಾಡುವಷ್ಟು ಬಿಸಿ ಮಾಡಿ. ಬೈ ಚಿಯೆ ಜೀ ಬಿಸಿ ಮಾಡಬೇಡಿ, ಆ ಜೆಲ್ಲಿ ಕರಗಿ ಹೋಗುತ್ತದೆ, ತಣ್ಣಗೇ ತಿನ್ನಿ. ಅಥವಾ ಖಾರದ ಎಣ್ಣೆ, ಸೋಯಾ, ಚೂರು ಸಕ್ಕರೆ, ವಿನೆಗರ್ ಮೇಲೆ ಸುರಿದುಬಿಡಿ, ನಿನ್ನೆಯ ಸಪ್ಪೆ ಕೋಳಿ ಇವತ್ತು ಜೊಲ್ಲು ಸುರಿಸುವ ಕೋಳಿಯಾಗುತ್ತದೆ. ಉಳಿಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಕಡಲೆಕಾಯಿ ಬೀಜವನ್ನು ಬೇರೆ ತೆಗೆದಿಡಿ, ಸಾಸಿನಲ್ಲಿ ರಾತ್ರಿಯಿಡೀ ನೆಂದ ಬೀಜ ಬೆಳಿಗ್ಗೆ ಬೇಯಿಸಿದ ಬೀಜದ ಹಾಗೆ ಮೆತ್ತಗಾಗಿರುತ್ತದೆ.